ಗುರುತು ಸಿಗದ ದನಿ

ನಮ್ಮ ಊರಿನಲ್ಲಿ ಬಸ್ಸು ಬಂತು, ಹಾಲು ಉಕ್ಕಿತು, ಮಗು ಬಿತ್ತು ಎಂದು ಹೇಳುವಾಗ ಎಲ್ಲರೂ ತಮ್ಮ ತಮ್ಮ ದನಿಯಲ್ಲೇ ಹೇಳುತ್ತಾರೆ. ಆದರೆ ಆ ಹಾಲು ಚೆನ್ನಾಗಿದೆ, ಆ ಮಗು ಹಟಮಾರಿ ಎಂದು ಹೇಳಹೊರಟರೆ, ಆ ಅಭಿಪ್ರಾಯ ಮೊದಲು ಯಾರಲ್ಲಿ ಹುಟ್ಟಿತ್ತೋ ಅವರ ದನಿ ಬಾಯಿಂದ ಬರುತ್ತದೆ. ಸಾರಿಗೆ ಹುಳಿ ಹೆಚ್ಚಾಯಿತು ಎಂದು ಗಂಡ ತನ್ನ ತಾಯಿಯ ದನಿಯಲ್ಲಿ ಹೇಳಿದಾಗ ಹೊಸ ಸೊಸೆ ಗಂಡನನ್ನು ಬಿಟ್ಟು ಅತ್ತೆಯ ಕಡೆ ನೋಡುತ್ತಾಳೆ. ಬಟ್ಟೆ ಅಂಗಡಿಯಲ್ಲಿ ‘ಈ ಬಣ್ಣ ನನಗೆ ಒಪ್ಪಲ್ಲ’ ಎಂಬ ಮಾತು ಎಂದೋ ತೀರಿಹೋದ ಸೋದರತ್ತೆಯ ದನಿಯಲ್ಲಿ ಬಂದರೆ ಅಂಗಡಿಯವನು ಬೇರೆ ಬಣ್ಣದ ಸೀರೆ ಬಿಡಿಸುತ್ತಾನೆ, ಅಷ್ಟೆ. ನಮ್ಮ ಪಕ್ಕದ ಮನೆಯ ಮುದುಕಿ ಗಂಡನನ್ನು ಕಳೆದುಕೊಂಡ ಮೇಲೆ ದಿನಾ ಸಂಜೆ ಮಗನನ್ನು ಜಗಲಿಯ ಮೇಲೆ ಕೂರಿಸಿಕೊಂಡು, ಈ ಸಲ ಮಳೆ ಹೇಗಾಗಬಹುದು ಎಂದು ಕೇಳುತ್ತಾಳೆ. ಮಳೆಯ ಬಗ್ಗೆ ಅವನು ಏನೇ ಹೇಳಿದರೂ ಅಪ್ಪನ ದನಿಯಲ್ಲೇ ಹೇಳುತ್ತಾನೆ. ಅವಳು ಕಣ್ಣು ಮುಚ್ಚಿಕೊಂಡು ಕೇಳುತ್ತಾಳೆ.

ಸ್ವಂತ ದನಿಯಲ್ಲಿ ಅಭಿಪ್ರಾಯ ಬರುವುದು ಅಪರೂಪ. ಬಂದರೆ ಕೇಳಿದವರು ಕೆಲಸ ನಿಲ್ಲಿಸಿ ತಿರುಗಿ ನೋಡುತ್ತಾರೆ. ಅಂಥ ಮಾತಿಗೆ ನಮ್ಮಲ್ಲಿ ತೂಕ ಹೆಚ್ಚು. ಆಡಿದವರಿಗೆ ಮಾತ್ರ ಅದು ತಿಳಿಯುವುದಿಲ್ಲ. ಬೇರೆಯವರ ದನಿ ಹೊರಡುವಾಗ ಗಂಟಲಲ್ಲಿ ಸಣ್ಣಗೆ ಕೆರೆತವಾಗುತ್ತದೆ. ತನ್ನದೇ ಆದರೆ ಏನೂ ಆಗುವುದಿಲ್ಲ.

ನಾನು ಈ ಊರಿನಲ್ಲಿ ಇಪ್ಪತ್ತೆರಡು ವರ್ಷ ದನಿ ಗುರುತಿಸುವ ಕೆಲಸ ಮಾಡಿದೆ. ನನಗಿಂತ ಮುಂಚೆ ನನ್ನ ತಾಯಿ ಮಾಡುತ್ತಿದ್ದಳು. ಊರ ಸಭೆಯಲ್ಲಿ ಯಾವುದಾದರೂ ವಿಷಯ ತೀರ್ಮಾನವಾಗಬೇಕಾದರೆ ಒಬ್ಬೊಬ್ಬರೇ ಎದ್ದು ತಮ್ಮ ಅಭಿಪ್ರಾಯ ಹೇಳುತ್ತಾರೆ. ನಾನು ಕಣ್ಣು ಮುಚ್ಚಿ ಕುಳಿತು ಅದು ಯಾರ ದನಿ ಎಂದು ಹೇಳಬೇಕು. ಇಪ್ಪತ್ತು ಜನ ಎದ್ದರೂ ಇಪ್ಪತ್ತೂ ಮಾತು ಒಬ್ಬನ ದನಿಯಲ್ಲಿ ಬಂದರೆ ಅದು ಒಂದೇ ಅಭಿಪ್ರಾಯ. ಬದುಕಿರುವವರು, ಸತ್ತವರು ಸೇರಿ ಎಂಟುನೂರು ದನಿಗಳು ನನ್ನ ಕಿವಿಯಲ್ಲಿದ್ದವು. ಒಂದು ಸಲವೂ ತಪ್ಪಿದ್ದಿಲ್ಲ. ‘ಚೆಲುವಕ್ಕ ಹೇಳಿದ್ಮೇಲೆ ಮುಗೀತು’ ಎಂದು ಜನ ಅನ್ನುತ್ತಿದ್ದರು. ಅದನ್ನು ಕೇಳುವುದು ನನಗೆ ಇಷ್ಟವಾಗಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ನಾನೂ ಮಗಳು ಪ್ರಮೀಳೆಯೂ ಅವಳ ನಾಲ್ಕು ವರ್ಷದ ಮಗಳು ಚುಕ್ಕಿಯೂ ಒಂದೇ ಮನೆಯಲ್ಲಿದ್ದೆವು. ಅಳಿಯ ಲಾರಿ ಓಡಿಸುತ್ತಾನೆ, ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಊರಿನ ಹೆಚ್ಚಿನ ಹೆಂಗಸರ ಹಾಗೆ ಪ್ರಮೀಳೆಯೂ ಸುಣ್ಣದ ಗೂಡಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಸುಣ್ಣದ ಧೂಳಿಗೆ ಮಕ್ಕಳನ್ನು ಕರೆದೊಯ್ಯುವ ಹಾಗಿಲ್ಲ. ಆದ್ದರಿಂದ ಎಂಟು ತಿಂಗಳ ಹಿಂದೆ ರೇವಮ್ಮ ಎಂಬ ಒಂಟಿ ಹೆಂಗಸು ಬೇರೆ ಊರಿನಿಂದ ಬಂದು, ಹಳೆಯ ಅಂಚೆ ಕಚೇರಿಯ ಕಟ್ಟಡದಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಶುರುಮಾಡಿದಾಗ ಎಲ್ಲರಿಗೂ ನೆಮ್ಮದಿಯಾಯಿತು. ಮೂವತ್ತು ಮಕ್ಕಳು ಅಲ್ಲಿಗೆ ಹೋಗುತ್ತಿದ್ದವು. ಚುಕ್ಕಿಯೂ ಹೋಗುತ್ತಿದ್ದಳು.

ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಹಾಲಿನ ಗಿರಿಜೆ ನಮ್ಮ ಬಾಗಿಲಿಗೆ ಬಂದಳು. ಪಾತ್ರೆಗೆ ಹಾಲು ಹುಯ್ಯುತ್ತಾ, ಮಗಳನ್ನು ಇವತ್ತಿನಿಂದ ರೇವಮ್ಮನ ಹತ್ತಿರ ಕಳಿಸುತ್ತಿಲ್ಲ ಎಂದಳು. ಅಷ್ಟು ಹೇಳಿದ್ದು ಅವಳ ದನಿಯೇ. ಏಕೆ ಎಂದು ಕೇಳಿದೆ. ಅವಳು ಒಮ್ಮೆ ಕೆಮ್ಮಿ ಹೇಳಿದಳು: “ಆ ಹೆಂಗಸಿನ ನೋಟ ಸರಿ ಇಲ್ಲ. ಮಕ್ಕಳನ್ನ ಬಿಡೋ ಜಾಗ ಅಲ್ಲ ಅದು.”

ಆ ದನಿ ನನಗೆ ಗೊತ್ತಿರಲಿಲ್ಲ. ಹೆಂಗಸಿನ ದನಿ, ವಯಸ್ಸಾದದ್ದು, ಒಣಗಿದ್ದು, ಸ್ವಲ್ಪ ಮೂಗಿನಲ್ಲಿ ಹೊರಡುವಂಥದ್ದು. ಪ್ರತಿ ಮಾತಿನ ಕೊನೆಯನ್ನೂ ಕತ್ತರಿಯಿಂದ ಕತ್ತರಿಸಿದಂತೆ ನಿಲ್ಲಿಸುತ್ತಿತ್ತು.

“ಗಿರಿಜಾ, ಇದ್ಯಾರ ದನಿ?” ಎಂದೆ.

ಅವಳು ನನ್ನ ಮುಖ ನೋಡಿದಳು. ನಂತರ ಮುಖ ಬಿಳುಚಿಕೊಂಡಿತು. “ನಿಮಗೆ ಗೊತ್ತಿಲ್ವಾ ಅಕ್ಕ?” ಎಂದಳು. ನಾನು ಇಲ್ಲ ಎಂದು ತಲೆಯಾಡಿಸಿದೆ. ಅವಳು ಕ್ಯಾನು ಎತ್ತಿಕೊಂಡು, ನಮ್ಮ ಮನೆಗೆ ಇನ್ನೂ ಅರ್ಧ ಲೀಟರು ಬಾಕಿ ಇರುವಾಗಲೇ, ಹಿಂತಿರುಗಿ ನೋಡದೆ ಹೋದಳು.

ಮಧ್ಯಾಹ್ನ ಟೈಲರ್ ಅಂಗಡಿಯಲ್ಲಿ ಅದೇ ದನಿ ಟೈಲರನ ದಪ್ಪ ಮೀಸೆಯ ಕೆಳಗಿನಿಂದ ಬಂತು. ಮರುದಿನ ಶಾಲೆಯ ಮೇಷ್ಟರ ಬಾಯಿಂದ ಬಂತು. ವಾರ ಕಳೆಯುವುದರೊಳಗೆ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದವರು, ಬಾವಿಕಟ್ಟೆಯ ಮೇಲೆ ಕುಳಿತವರು, ನಾನು ಎತ್ತಿ ಆಡಿಸಿದ ಹುಡುಗಿಯರು, ಎಲ್ಲರ ಗಂಟಲಿನಿಂದಲೂ ಆ ಮುದುಕಿ ಮಾತನಾಡುತ್ತಿದ್ದಳು. ನೋಟ ಸರಿ ಇಲ್ಲ. ಬಿಡೋ ಜಾಗ ಅಲ್ಲ. ಮಾತು ಅಷ್ಟೇ, ಹೆಚ್ಚಿಲ್ಲ, ಕಡಿಮೆಯಿಲ್ಲ.

ನನಗೆ ಹೆದರಿಕೆಯಾಯಿತು. ನನ್ನ ಕಿವಿಯಲ್ಲಿ ಇಲ್ಲದ ಒಬ್ಬ ಹೆಂಗಸು ಈ ಊರಿನಲ್ಲಿದ್ದಾಳೆ, ಯಾರಿಗೂ ಕಾಣದ ಹಾಗೆ ಮನೆಮನೆ ಹೊಕ್ಕು ಹೊರಡುತ್ತಿದ್ದಾಳೆ ಎನ್ನಿಸಿತು. ಹಗಲಿನಲ್ಲೂ ಬಾಗಿಲಿಗೆ ಅಗುಳಿ ಹಾಕತೊಡಗಿದೆ. ಸುಡುಗಾಡು ಕಾಯುವ ಮುದುಕನ ಬಳಿಗೆ ಹೋಗಿ, ನನ್ನ ತಾಯಿಯ ಕಾಲಕ್ಕಿಂತ ಹಿಂದೆ ಮೂಗಿನಲ್ಲಿ ಮಾತಾಡುವ ಹೆಂಗಸು ಯಾರಾದರೂ ಇದ್ದಳೇ ಎಂದು ಕೇಳಿದೆ. ಅವನು ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿ, “ನನ್ನ ಯಾಕವ್ವ ಪರೀಕ್ಷೆ ಮಾಡ್ತೀಯ?” ಎಂದು ಎದ್ದು ಹೋದ. ಎಲ್ಲಿ ಕೇಳಿದರೂ ಹೀಗೇ ಆಗುತ್ತಿತ್ತು. ನಾನು ಬರುವುದನ್ನು ಕಂಡರೆ ಜನ ಮಾತು ನಿಲ್ಲಿಸುತ್ತಿದ್ದರು. ಜಾಗ ಬಿಟ್ಟು ಸರಿದು, ನಗುತ್ತಿದ್ದರು, ಆದರೆ ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ. ಅವಳು ಎಲ್ಲರನ್ನೂ ಹೆದರಿಸಿ ಬಾಯಿ ಮುಚ್ಚಿಸಿದ್ದಾಳೆ ಎಂದುಕೊಂಡೆ.

ಇತ್ತ ಅಂಚೆ ಕಚೇರಿಯ ಕಟ್ಟಡದಲ್ಲಿ ಮೂವತ್ತು ಮಕ್ಕಳು ಇಪ್ಪತ್ತಾದವು, ಆರಾದವು. ಪ್ರಮೀಳೆಯೂ ಚುಕ್ಕಿಯನ್ನು ಬಿಡಿಸಿದಳು. ಒಂದು ದಿನ ರೇವಮ್ಮನ ಬಾಗಿಲಿಗೆ ಯಾರೋ ಜಾಲಿಮುಳ್ಳು ಒಟ್ಟಿದ್ದರು. ಇನ್ನೊಂದು ದಿನ ಅವಳು ಕುಡಿಯುವ ನೀರಿನ ಹಂಡೆಗೆ ಸುಣ್ಣ ಸುರಿದಿದ್ದರು. ಕೊನೆಗೆ, ಅವಳನ್ನು ಊರಿನಿಂದ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಭಾನುವಾರ ಸಭೆ ಸೇರುತ್ತದೆ ಎಂದು ಹಿರಿಯ ಹಾಲಪ್ಪನವರು ಡಂಗುರ ಸಾರಿಸಿದರು.

ಸಭೆಗೆ ಮೂರು ದಿನ ಮುಂಚೆ ರೇವಮ್ಮ ನಮ್ಮ ಮನೆಗೆ ಬಂದಳು. ಅದುವರೆಗೆ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ. ದೂರದಿಂದ ನೋಡಿದ್ದೆನಷ್ಟೆ. ನಲವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ಬಲಗೈ ಬೆರಳುಗಳು ಸುಣ್ಣದಿಂದ ಸುಟ್ಟು ಸುಲಿದಿದ್ದವು. ಬಹುಶಃ ಹಂಡೆ ತೊಳೆಯುವಾಗ ಆಗಿರಬೇಕು. ಹೊಸ್ತಿಲ ಹೊರಗೇ ನಿಂತು ಕೈಮುಗಿದಳು.

“ಅಮ್ಮ, ನೀವು ದನಿ ಗುರುತು ಹಿಡಿಯೋರಂತೆ. ಊರಿನೋರು ನನ್ನ ಬಗ್ಗೆ ಮಾತಾಡುವಾಗ ಒಂದೇ ದನಿ ಬರ್ತದೆ. ಅದು ಯಾರದು ಅಂತ ಹೇಳಿ. ಹೋಗಿ ಕಾಲು ಹಿಡ್ಕೊಂಡು ಕೇಳ್ತೀನಿ, ನಾನೇನು ತಪ್ಪು ಮಾಡಿದೆ ತಾಯಿ ಅಂತ. ಜಗಳ ಆಡಲ್ಲ.”

“ಬಾ, ಕೂತ್ಕೋ. ಅದನ್ನೇ ನಾನೂ ಹುಡುಕ್ತಾ ಇದೀನಿ. ಇನ್ನೂ ಸಿಕ್ಕಿಲ್ಲ” ಎಂದೆ.

ಹೊಸ್ತಿಲು ದಾಟಲು ಎತ್ತಿದ ಕಾಲನ್ನು ಅವಳು ಹಾಗೇ ಹಿಂದಕ್ಕೆ ತೆಗೆದುಕೊಂಡಳು. ನನ್ನ ಬಾಯಿಯನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಬರಲಿಲ್ಲ. ಕತ್ತಲೆಯ ಕೋಣೆಯಲ್ಲಿ ಏನೋ ಕಾಲಿಗೆ ತಾಗಿದವಳ ಹಾಗೆ ಮೈಯನ್ನು ಹಿಡಿಮಾಡಿಕೊಂಡಳು.

“ಯಾಕಮ್ಮಾ?” ಎಂದೆ.

“ಏನಿಲ್ಲ. ಗೊತ್ತಾಯ್ತು, ಬಿಡಿ” ಎಂದು ಮೆಟ್ಟಿಲಿಳಿದು, ಮೊದಲು ನಡೆದು, ಆಮೇಲೆ ಓಡಿ ಹೋದಳು.

ಅವಳಿಗೆ ಗೊತ್ತಾದದ್ದು ಏನು ಎಂದು ನಾನು ಯೋಚಿಸುತ್ತಾ ನಿಂತಿದ್ದಾಗ ಒಳಗೆ ಅಡುಗೆಮನೆಯಿಂದ ಆ ದನಿ ಕೇಳಿಸಿತು. ನನ್ನ ಮನೆಯೊಳಗೆ. ಬಾಗಿಲ ಹಿಂದಿದ್ದ ಒನಕೆ ತೆಗೆದುಕೊಂಡು ಒಳಗೆ ಹೋದೆ. ಪ್ರಮೀಳೆ ಚುಕ್ಕಿಗೆ ಊಟ ಮಾಡಿಸುತ್ತಿದ್ದಳು. ರೇವತ್ತೆ ಹತ್ತಿರ ಯಾಕೆ ಹೋಗಬಾರದು ಎಂದು ಮಗು ಅಳುತ್ತಿತ್ತು. ಪ್ರಮೀಳೆ ಉತ್ತರ ಹೇಳುತ್ತಿದ್ದಳು, ಆ ಮುದುಕಿಯ ದನಿಯಲ್ಲಿ.

ನಾನು ಅವಳ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೆ. “ನಿನಗೂ ಹತ್ತಿತೇನೇ? ಯಾರವಳು? ಯಾರ ಹತ್ತಿರ ಕೇಳಿಸ್ಕೊಂಡು ಬಂದೆ? ಹೇಳು.”

ಪ್ರಮೀಳೆ ಮೊದಲು ಕೈ ಬಿಡಿಸಿಕೊಳ್ಳಲು ನೋಡಿದಳು. ಆಮೇಲೆ ಅಳತೊಡಗಿದಳು. “ನೀನು ಬೇಕಂತ ಕೇಳ್ತಿದೀಯ ಅಂದ್ಕೊಂಡಿದ್ದೆ. ಊರೆಲ್ಲಾ ಹಾಗೇ ಅಂದ್ಕೊಂಡಿದೆ. ಅಮ್ಮ, ನಿಜವಾಗ್ಲೂ ಗೊತ್ತಾಗ್ತಿಲ್ವಾ ನಿನಗೆ?”

“ಏನು?”

“ಅದು ನಿಂದೇ ದನಿ.”

ನಾನು ನಕ್ಕೆ. ನನ್ನ ದನಿ ನನಗೆ ಗೊತ್ತಿಲ್ಲವೇ? ಅರವತ್ತೊಂದು ವರ್ಷ ನನ್ನ ತಲೆಯೊಳಗೆ ಕೇಳುತ್ತಿರುವುದು ತಗ್ಗಿನ, ಮೆತ್ತಗಿನ, ಸ್ವಲ್ಪ ನನ್ನ ತಾಯಿಯದನ್ನು ಹೋಲುವ ದನಿ. ಪ್ರಮೀಳೆ ಹಿತ್ತಲಿನ ಬಾವಿಯ ಮೇಲೆ ಮುಚ್ಚಿದ್ದ ಹಲಗೆ ಸರಿಸಿದಳು. ಒಳಗೆ ಬಗ್ಗಿ ಏನಾದರೂ ಹೇಳು ಎಂದಳು. ನಾನು ಕಟ್ಟೆಗೆ ಎದೆಯಾನಿಸಿ ಬಗ್ಗಿದೆ. ಕೆಳಗೆ ನೀರು ನಾಣ್ಯದಷ್ಟಗಲ ಕಾಣುತ್ತಿತ್ತು. ಅಭಿಪ್ರಾಯವಲ್ಲದ ಮಾತೇ ಇರಲಿ ಎಂದು, “ನೀರು ಕೆಳಗೆ ಹೋಗಿದೆ” ಎಂದು ಕೂಗಿದೆ.

ನೀರು ಕೆಳಗೆ ಹೋಗಿದೆ ಎಂದು ಆ ಮುದುಕಿ ಕೆಳಗಿನಿಂದ ಹೇಳಿದಳು.

ಬಾವಿಯ ಕಟ್ಟೆಗೆ ಒರಗಿ ನೆಲದ ಮೇಲೆ ಕುಳಿತೆ. ಎಂಟುನೂರು ಜನರ ದನಿಯನ್ನು ತಿಳಿದುಕೊಂಡಿದ್ದವಳಿಗೆ, ತನ್ನದು ಹೊರಗೆ ಹೇಗೆ ಕೇಳುತ್ತದೆ ಎಂದು ತಿಳಿದುಕೊಳ್ಳುವ ಸಂದರ್ಭವೇ ಬಂದಿರಲಿಲ್ಲ. ಇಷ್ಟು ವರ್ಷದಲ್ಲಿ ಯಾರ ಬಾಯಿಂದಲೂ ನನ್ನ ದನಿ ಬಂದಿರಲಿಲ್ಲ. ನನ್ನಲ್ಲಿ ಸ್ವಂತ ಅಭಿಪ್ರಾಯ ಒಂದೂ ಹುಟ್ಟಿರಲಿಲ್ಲ ಎಂದು ತಾನೇ ಅದರ ಅರ್ಥ? ಹುಟ್ಟಿದ್ದು ಇದೊಂದು.

ಯಾವಾಗ ಆಡಿದೆ ಎಂದು ನೆನಪಿಸಿಕೊಳ್ಳಲು ಆ ದಿನವೆಲ್ಲಾ ಬೇಕಾಯಿತು. ದಸರೆಯ ನಂತರ ಒಂದು ಮಧ್ಯಾಹ್ನ ಚುಕ್ಕಿಗೆಂದು ಸೆರಗಿನಲ್ಲಿ ಕೊಬ್ಬರಿಮಿಠಾಯಿ ಕಟ್ಟಿಕೊಂಡು ಅಂಚೆ ಕಚೇರಿಯ ಕಟ್ಟಡಕ್ಕೆ ಹೋಗಿದ್ದೆ. ರೇವಮ್ಮ ನನಗೆ ಬೆನ್ನು ಮಾಡಿ ಕುಳಿತು ಮಗುವೊಂದಕ್ಕೆ ತಲೆ ಬಾಚುತ್ತಿದ್ದಳು. ಅವಳ ಹೆಗಲ ಮೇಲೆ ಚುಕ್ಕಿ ಜೋತುಬಿದ್ದಿದ್ದಳು. ಗೇಟಿನ ಹತ್ತಿರ ನಿಂತ ನನ್ನನ್ನು ಮಗು ನೋಡಿತು. ಕೈ ಚಾಚಿದೆ. ಕರೆದುಕೊಂಡು ಹೋಗಲು ಬಂದಿದ್ದೇನೆಂದು ಅದಕ್ಕೆ ಅನ್ನಿಸಿರಬೇಕು, ಮುಖವನ್ನು ರೇವಮ್ಮನ ಕುತ್ತಿಗೆಯಲ್ಲಿ ಬಚ್ಚಿಟ್ಟುಕೊಂಡು ಅವಳನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಿತು. ನಾನು ಒಂದು ಮಾತೂ ಆಡದೆ ಹಿಂತಿರುಗಿದೆ. ಅಲ್ಲಿಂದ ಸೀದಾ ರಾಗಿ ಬೀಸಿಸಲು ಗಿರಣಿಗೆ ಹೋದೆ. ಹತ್ತು ಹನ್ನೆರಡು ಹೆಂಗಸರು ಸಾಲಿನಲ್ಲಿದ್ದರು. ಮೊಮ್ಮಗಳನ್ನು ರೇವಮ್ಮನ ಹತ್ತಿರ ಬಿಡುತ್ತೀರಲ್ಲಾ, ಹೇಗೆ ನೋಡಿಕೊಳ್ಳುತ್ತಾಳೆ ಎಂದು ಗಿರಣಿಯ ಕೆಂಚಪ್ಪ ಕೇಳಿದ. ಯಂತ್ರದ ಸದ್ದಿಗೆ ನಾನು ಗಟ್ಟಿಯಾಗಿ ಕೂಗಿ ಉತ್ತರ ಹೇಳುತ್ತಿದ್ದಾಗ ಕರೆಂಟು ಹೋಯಿತು. ಯಂತ್ರ ನಿಂತಿತು. ಆ ಮೌನದಲ್ಲಿ ನನ್ನ ಮಾತು ಎಲ್ಲರ ಮೇಲೂ ಬಿತ್ತು. ಎಲ್ಲರೂ ತಿರುಗಿ ನೋಡಿದರು. ಕೂಗಿದ್ದಕ್ಕೆ ನೋಡಿದರು ಎಂದು ನಾನು ನಾಚಿಕೆಪಟ್ಟು, ಕರೆಂಟು ಬಂದ ಮೇಲೆ ಹಿಟ್ಟು ಕಟ್ಟಿಕೊಂಡು ಮನೆಗೆ ಬಂದು, ಮರೆತುಬಿಟ್ಟೆ. ಅವರು ನೋಡಿದ್ದು ಚೆಲುವಕ್ಕ ಸ್ವಂತ ದನಿಯಲ್ಲಿ ಅಭಿಪ್ರಾಯ ಹೇಳಿದಳು ಎಂದು.

ಅಷ್ಟೇ ನಡೆದದ್ದು. ರೇವಮ್ಮನ ನೋಟ ಹೇಗಿದೆ ಎಂದು ನಾನು ಆ ದಿನ ನೋಡಿಯೇ ಇರಲಿಲ್ಲ. ನೋಡಿದ್ದು ಅವಳ ಬೆನ್ನು.

ಭಾನುವಾರ ಬೆಳಿಗ್ಗೆ ಹಳೆಯ ಸುಣ್ಣದ ಗೂಡಿನ ಮುಂದಿನ ಬಯಲಿನಲ್ಲಿ ಸಭೆ ಸೇರಿತು. ಪೂರ್ತಿ ಊರು ಬಂದಿತ್ತು. ರೇವಮ್ಮ ಒಂದು ಮೂಲೆಯಲ್ಲಿ, ಸುತ್ತ ಹತ್ತು ಅಡಿ ಖಾಲಿ ಬಿಟ್ಟ ಜಾಗದಲ್ಲಿ ನಿಂತಿದ್ದಳು. ನಾನು ನನ್ನ ಮಣೆಯ ಮೇಲೆ ಕುಳಿತಾಗ ಹಾಲಪ್ಪನವರು ಬಂದು ಪಕ್ಕದಲ್ಲಿ ಬಗ್ಗಿದರು. ಒಳ್ಳೆಯ ಮನುಷ್ಯ. ನನ್ನ ತಾಯಿ ಸತ್ತಾಗ ಹೆಗಲು ಕೊಟ್ಟವರು.

“ಚೆಲುವಕ್ಕ, ಜನ ತೀರ್ಮಾನ ಮಾಡ್ಕೊಂಡೇ ಬಂದಿದಾರೆ. ನೀವು ಅದು ಅವರವರ ದನಿ ಅಂದ್ಬಿಡಿ. ಯಾರೂ ಎದುರು ಹೇಳಲ್ಲ. ನಿಮ್ಮ ಮರ್ಯಾದೆನೂ ಉಳೀತದೆ” ಎಂದು ಮೆಲ್ಲಗೆ ಹೇಳಿದರು. ಅದೂ ಅವರ ಸ್ವಂತ ದನಿಯಾಗಿರಲಿಲ್ಲ, ಅವರ ಅಣ್ಣನದಾಗಿತ್ತು.

ಒಬ್ಬೊಬ್ಬರಾಗಿ ಎದ್ದರು. ಗಿರಿಜೆ ಎದ್ದಳು. ಕೆಂಚಪ್ಪ ಎದ್ದ. ಟೈಲರು, ಮೇಷ್ಟರು, ಸುಡುಗಾಡಿನ ಮುದುಕ. ನಾನು ಕಣ್ಣು ಮುಚ್ಚಿದ್ದೆ. ಕತ್ತಲೆಯಲ್ಲಿ ನಾನೇ ನೂರಾರು ಕಡೆಯಿಂದ ನನ್ನ ಸುತ್ತ ನಿಂತು ಹೇಳುತ್ತಿದ್ದೆ, ನೋಟ ಸರಿ ಇಲ್ಲ, ಬಿಡೋ ಜಾಗ ಅಲ್ಲ. ಅವರವರ ದನಿ ಎಂದರೆ ಸಾಕು, ಮಧ್ಯಾಹ್ನಕ್ಕೆ ಮನೆಗೆ ಹೋಗಿ ಊಟ ಮಾಡಬಹುದು. ನಿಜ ಹೇಳಿದರೆ ಈ ಜನ ನನ್ನನ್ನು ಏನು ಮಾಡುತ್ತಾರೋ ಗೊತ್ತಿಲ್ಲ. ಪ್ರಮೀಳೆಯ ಸರದಿ ಬಂದಾಗ ಅವಳು ಎದ್ದಳು, ನಿಂತಳು, ಏನೂ ಹೇಳದೆ ಕುಳಿತುಬಿಟ್ಟಳು.

ಕಣ್ಣು ತೆರೆದೆ. “ಎಲ್ಲಾ ಒಂದೇ ದನಿ. ಅದು ನಂದು” ಎಂದೆ.

ಯಾರೂ ಗದ್ದಲ ಮಾಡಲಿಲ್ಲ. ಎಲ್ಲರಿಗೂ ಗೊತ್ತಿದ್ದ ಮಾತು. ನಾನು ಅದನ್ನು ಹೇಳಿದೆನಲ್ಲಾ ಎಂಬುದಕ್ಕೆ ಮಾತ್ರ ಅವರ ಮುಖ ಕಪ್ಪಿಟ್ಟಿತು. ಗಿರಣಿಯಲ್ಲಿ ಆಡಿದ್ದು, ಏಕೆ ಆಡಿದ್ದು, ಮಗು ಮುಖ ತಿರುಗಿಸಿದ್ದು, ಎಲ್ಲವನ್ನೂ ಹೇಳಿದೆ. ಹಾಲಪ್ಪನವರು, “ಹಾಗಾದ್ರೆ ಕಳಿಸಬೇಕು ಅನ್ನೋದು ಒಂದು ಅಭಿಪ್ರಾಯ ಆಯ್ತು. ಈಗ ನಿಮ್ಮ ಅಭಿಪ್ರಾಯ ಏನು?” ಎಂದರು.

ಹೇಳಲು ಬಾಯಿ ತೆರೆದೆ. ಗಂಟಲು ಕೆರೆಯಿತು. “ಅವರು ತುಂಬಾ ಒಳ್ಳೆಯೋರು” ಎಂಬ ಮಾತು ಚುಕ್ಕಿಯ ದನಿಯಲ್ಲಿ ಬಂತು. ನಾಲ್ಕು ವರ್ಷದ ಮಗುವಿನ ತೊದಲು, ಅರವತ್ತೊಂದರ ನನ್ನ ಬಾಯಿಂದ. ಅಲ್ಲಲ್ಲಿ ಜನ ನಕ್ಕರು. ಹಾಲಪ್ಪನವರು ನಗಲಿಲ್ಲ. ಕಳಿಸಲು ಒಂದು, ಬೇಡವೆನ್ನಲು ಒಂದು, ಸಮ ಬಂದರೆ ಯಾರನ್ನೂ ಕಳಿಸುವ ಪದ್ಧತಿ ಇಲ್ಲ ಎಂದು ಸಭೆ ಮುಗಿಸಿದರು. ಇನ್ನು ಮುಂದೆ ನಾನು ಮಣೆಯ ಮೇಲೆ ಕೂರಬೇಕಾಗಿಲ್ಲ ಎಂಬುದನ್ನೂ ಸೇರಿಸಿದರು.

ಗೆದ್ದೆ ಎಂದುಕೊಂಡು ಮನೆಯ ಕಡೆ ನಡೆದೆ. ಮುಂದೆ ಹೋಗುತ್ತಿದ್ದ ಗಿರಿಜೆ ಪಕ್ಕದವಳಿಗೆ ಹೇಳುತ್ತಿದ್ದಳು: “ಏನೇ ಆಗ್ಲಿ, ಆ ಹೆಂಗಸಿನ ನೋಟ ಸರಿ ಇಲ್ಲ.” ನನ್ನದೇ ದನಿ. ಎಳ್ಳಷ್ಟೂ ಬದಲಾಗಿರಲಿಲ್ಲ. ನಾನು ಅವಳನ್ನು ನಿಲ್ಲಿಸಿ, ಅದು ಸುಳ್ಳೆಂದು ಈಗ ತಾನೇ ಹೇಳಲಿಲ್ಲವೇ ಎಂದು ಕೇಳಿದೆ. “ಕೇಳಿಸ್ಕೊಂಡೆ ಅಕ್ಕ. ಆದ್ರೂ ನನಗೆ ಹಾಗೇ ಅನ್ಸುತ್ತೆ, ಏನ್ಮಾಡ್ಲಿ?” ಎಂದಳು. ಅವಳು ಹಟಕ್ಕೆ ಹೇಳುತ್ತಿರಲಿಲ್ಲ. ಅವಳ ಕಣ್ಣಿನಲ್ಲೂ ಹೆದರಿಕೆ ಇತ್ತು.

ಮರುದಿನ ಅಂಚೆ ಕಚೇರಿಯ ಕಟ್ಟಡಕ್ಕೆ ಚುಕ್ಕಿಯೊಬ್ಬಳೇ ಹೋದಳು. ಅದರ ಮರುದಿನವೂ ಅವಳೊಬ್ಬಳೇ. ಗುರುವಾರ ಬಾಗಿಲಿಗೆ ಬೀಗ ಬಿದ್ದಿತ್ತು. ರೇವಮ್ಮ ಪೆಟ್ಟಿಗೆ ಹೊತ್ತುಕೊಂಡು ದೊಡ್ಡ ರಸ್ತೆಯ ಕಡೆ ಹೋದಳೆಂದು ಯಾರೋ ಹೇಳಿದರು. ಆ ರಸ್ತೆ ಊರಿನ ಗಡಿಕಲ್ಲಿನ ಆಚೆ ಇದೆ. ನಮ್ಮವರು ಅದನ್ನು ದಾಟಿ ನಿಂತು ಮಾತಾಡುವುದು ಕಡಿಮೆ. ಅಲ್ಲಿ ಯಾವ ಮಾತಾಡಿದರೂ ಆಡಿದವರ ದನಿಯಲ್ಲೇ ಬರುತ್ತದೆ, ಹಾಗಾಗಿ ಏನನ್ನು ನಂಬಬೇಕೋ ತಿಳಿಯುವುದಿಲ್ಲ. ನಾನು ಓಡುನಡಿಗೆಯಲ್ಲಿ ಹೋದೆ. ಅವಳು ಬಸ್ಸಿಗಾಗಿ ಮೈಲಿಕಲ್ಲಿನ ಮೇಲೆ ಕುಳಿತಿದ್ದಳು.

“ನೀನು ಹೋಗಬೇಕಾಗಿಲ್ಲ. ತೀರ್ಮಾನ ಆಗಿದೆಯಲ್ಲ. ತಪ್ಪಾಯ್ತು ನಂದು” ಎಂದೆ.

“ಇರಬಹುದು. ಆದ್ರೆ ಮಕ್ಕಳು ಬರ್ತಿಲ್ಲವಲ್ಲ ಅಮ್ಮ.” ಅವಳು ಸುಲಿದ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ರಸ್ತೆಯ ಕಡೆ ನೋಡುತ್ತಾ ಹೇಳಿದಳು: “ಹಿಂದಿನ ಊರಲ್ಲೂ ಹೀಗೇ ಆಗಿತ್ತು. ಅಲ್ಲಿ ಎಲ್ಲರೂ ಅವರವರ ದನೀಲೇ ಹೇಳಿದ್ರು, ನೀನು ಸರಿ ಇಲ್ಲ ಅಂತ. ಅಷ್ಟೊಂದು ಜನ ಬೇರೆ ಬೇರೆ ಹೇಳ್ತಾರೆ ಅಂದ್ರೆ ನನ್ನಲ್ಲೇ ಏನೋ ಇರಬೇಕು ಅಂತ ನಾನೂ ನಂಬಿದ್ದೆ. ಇಲ್ಲಿಗೆ ಬಂದ ಮೇಲೆ ಯೋಚನೆ ಬಂತು, ಅಲ್ಲೂ ಯಾರೋ ಒಬ್ಬಳೇ ಇದ್ದಳೇನೋ. ಗೊತ್ತಾಗೋ ಹಾಗೇ ಇಲ್ಲ.”

“ನೀನು ಒಳ್ಳೆಯವಳು ರೇವಮ್ಮ” ಎಂದೆ. ನನ್ನ ದನಿ ನನ್ನದಾಗಿಯೇ ಬಂತು. ಗಂಟಲು ಕೆರೆಯಲಿಲ್ಲ.

ಅವಳು ತಲೆಯೆತ್ತಿ ಕೇಳಿದಳು: “ಇದು ನೀವು ಹೇಳ್ತಿರೋದಾ?”

ಹೌದೆನ್ನಲು ಆಗಲಿಲ್ಲ. ಮಗುವಿನ ಮಾತನ್ನೇ ಇನ್ನೂ ಹೇಳುತ್ತಿದ್ದೇನೋ, ತಪ್ಪು ಮಾಡಿದ ಹೆದರಿಕೆ ಹೇಳಿಸುತ್ತಿತ್ತೋ, ನನಗೇ ತಿಳಿಯಲಿಲ್ಲ. ಬಸ್ಸು ಬಂತು. ಅವಳು ಉತ್ತರಕ್ಕೆ ಕಾಯದೆ ಪೆಟ್ಟಿಗೆ ಎತ್ತಿಕೊಂಡು ಹತ್ತಿದಳು.

ಹಿಂತಿರುಗಿ ಬರುವಾಗ ಗಡಿಕಲ್ಲಿನ ಈಚೆ ಮೂರು ನಾಲ್ಕು ಹೆಂಗಸರು ಸೌದೆಹೊರೆ ಇಳಿಸಿ ನಿಂತಿದ್ದರು.

“ಹೋದ್ಲಾ?” ಎಂದು ಒಬ್ಬಳು ಕೇಳಿದಳು.

“ಹೋದಳು” ಎಂದೆ.

“ಆ ಜಾಗಕ್ಕೆ ಬೇರೆಯೋಳು ಬರ್ತಾಳಂತೆ, ಮುಂದಿನ ವಾರ. ನೀವೇನಂತೀರಿ ಚೆಲುವಕ್ಕ?”

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅವರು ಹೊರೆ ಎತ್ತಿಕೊಳ್ಳಲಿಲ್ಲ. ಕೇಳಿಸಿಕೊಂಡೇ ಹೋಗಬೇಕೆಂದು ಬಂದವರ ಹಾಗೆ, ತಲೆಯನ್ನು ತುಸು ಮುಂದೆ ಬಾಗಿಸಿ, ನನ್ನ ಬಾಯಿ ಯಾವಾಗ ತೆರೆಯುತ್ತದೋ ಎಂದು ಕಾಯುತ್ತಾ ನಿಂತರು.